ಯಾರ ಹಂಗೂ ಬೇಡವೆಂದ ಭಾನುವಾರ

ಬಚ್ಚಲುಮನೆಯ ನಲ್ಲಿ ಮೂರು ದಿನದಿಂದ ತೊಟ್ಟಿಕ್ಕುತ್ತಿತ್ತು. ಪ್ಲಂಬರಿಗೆ ಫೋನ್ ಮಾಡಿದರೆ "ಬಂದೆ ಸಾರ್, ದಾರೀಲೇ ಇದೀನಿ" ಎನ್ನುತ್ತಾನೆ. ಆ ದಾರಿ ಎಷ್ಟು ಉದ್ದವೋ ದೇವರೇ ಬಲ್ಲ. ಭಾನುವಾರ ಬೆಳಿಗ್ಗೆ ನನ್ನ ಸ್ವಾಭಿಮಾನ ಎದ್ದು ಕೂತಿತು. "ಒಂದು ವಾಷರ್ ಹಾಕೋಕೆ ಇನ್ನೊಬ್ಬರ ಹಂಗು ಯಾಕೆ?" ಎಂದು ಹೆಂಡತಿಗೆ ಕೇಳುವಂತೆ ಘೋಷಿಸಿದೆ. ಅವಳು ಮಾತಾಡದೆ ಎರಡು ಬಕೆಟ್ ನೀರು ತುಂಬಿಸಿಟ್ಟುಕೊಂಡಳು. ಅನುಭವಸ್ಥೆ.

ಯಾರ ಹಂಗೂ ಇಲ್ಲದ ನನ್ನ ಕೆಲಸ ಶುರುವಾದದ್ದೇ ಪಕ್ಕದ ಮನೆಯವರಿಂದ ಪಾನಾ ಎರವಲು ತರುವುದರಿಂದ. ಎಡಕ್ಕೆ ತಿರುಗಿಸಬೇಕೋ ಬಲಕ್ಕೋ ಎಂದು ಹೇಳಿಕೊಟ್ಟದ್ದು ಯಾರೋ ಪುಣ್ಯಾತ್ಮನ ವಿಡಿಯೊ. ಮೊದಲು ಗೇಟ್ ವಾಲ್ವ್ ಬಂದ್ ಮಾಡಿ ಎಂದ. ಮೆಟ್ಟಿಲ ಕೆಳಗೆ ಹೋಗಿ ಮಾಡಿದೆ. ಇರಲಿ, ಇನ್ನೂ ಬಿಗಿಯಾಗಲಿ ಎಂದು ಇನ್ನೊಂದು ಸುತ್ತು ಕೊಟ್ಟೆ. 'ಟಕ್' ಎಂದಿತು. ತುಕ್ಕು ಹಿಡಿದ ಹಿಡಿಕೆ ಕೈಗೇ ಬಂತು.

ಅದು ನಮ್ಮ ಮನೆಯ ವಾಲ್ವ್ ಅಲ್ಲ, ಇಡೀ ಕಟ್ಟಡದ್ದು ಎಂದು ತಿಳಿದದ್ದು ಮೇಲಿನ ಮಹಡಿಯಿಂದ "ಯಾರ್ರೀ ನೀರು ನಿಲ್ಸಿದ್ದು?" ಎಂಬ ಕೂಗು ಕೇಳಿದ ಮೇಲೆ. ತಲೆಗೆ ಶಾಂಪೂ ಹಚ್ಚಿಕೊಂಡವರೊಬ್ಬರು ಟವೆಲ್ ಸುತ್ತಿಕೊಂಡು, ಒಂದು ಕಣ್ಣು ಮುಚ್ಚಿಕೊಂಡೇ ಇಳಿದು ಬಂದರು. ಲಿಫ್ಟಿನಲ್ಲಿ ತಲೆಯಾಡಿಸುವುದು ಬಿಟ್ಟರೆ ಮಾತುಕತೆಯೇ ಇಲ್ಲದವರೆಲ್ಲ ಐದು ನಿಮಿಷದಲ್ಲಿ ನನ್ನ ಸುತ್ತ.

2021ರ ಮಾರ್ಚಿನಲ್ಲಿ ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡ 'ಎವರ್ ಗಿವನ್' ಹಡಗು ನೆನಪಾಯಿತು. 400 ಮೀಟರ್ ಉದ್ದದ ಅದು ಆರು ದಿನ ಕದಲದೆ ಕೂತು, 300ಕ್ಕೂ ಹೆಚ್ಚು ಹಡಗುಗಳನ್ನು ಕಾಯಿಸಿತ್ತು. ಹಡಗಿನ ಮೂತಿ ಹೂತದ್ದು ಮರಳಿನಲ್ಲಿ. ಸರಕಿಗಾಗಿ ಬಾಯಿಬಾಯಿ ಬಿಟ್ಟವರು ಸಾವಿರಾರು ಮೈಲಿ ಆಚೆ. "ನೆಟ್ಟಗೆ ಹೋಗೋಕೆ ಬರಲ್ವಾ ಇವನಿಗೆ" ಎಂದು ಟೀವಿ ಮುಂದೆ ಕಾಲು ಚಾಚಿ ನಕ್ಕಿದ್ದೆ. ಟಗ್ ದೋಣಿಗಳು, ಹೂಳೆತ್ತುವ ಯಂತ್ರಗಳು ಸಾಲದೆ, ಅದನ್ನು ಬಿಡಿಸಲು ಹುಣ್ಣಿಮೆಯ ದೊಡ್ಡ ಉಬ್ಬರವೂ ಕೈಜೋಡಿಸಬೇಕಾಯಿತು. ಅಂದರೆ ವ್ಯಾಪಾರಕ್ಕೆ ಚಂದ್ರನ ಹಂಗೂ ಇದೆ. ನನಗೆ ಚಂದ್ರನವರೆಗೆ ಹೋಗುವುದು ಬೇಕಿರಲಿಲ್ಲ, ಪ್ಲಂಬರ್ ಸಾಕಿತ್ತು.

ಎಂಟು ಮನೆಯವರು ಒಟ್ಟಿಗೆ ಫೋನ್ ಮಾಡಿದ್ದಕ್ಕೋ ಏನೋ, ಅವನ ದಾರಿ ಅಂದು ಹತ್ತೇ ನಿಮಿಷಕ್ಕೆ ಮುಗಿಯಿತು. ಹಿಡಿಕೆಯನ್ನು ನೋಡಿದ, ನನ್ನನ್ನು ನೋಡಿದ. "ಮೊಬೈಲಲ್ಲಿ ಚಾರ್ಜ್ ಇಲ್ಲ ಸಾರ್, ನಿಮ್ದರಲ್ಲಿ ಟಾರ್ಚ್ ಹಿಡೀರಿ" ಎಂದ. ಮುಕ್ಕಾಲು ಗಂಟೆ ಹಿಡಿದೆ. ನಾನಿಲ್ಲದಿದ್ದರೆ ಕತ್ತಲಲ್ಲಿ ಅವನೇನು ಮಾಡುತ್ತಿದ್ದ ಎಂಬ ಸಣ್ಣ ಜಂಬವೂ ಬಂತು.

ನೀರು ಬಂತು. ಮೇಲಿನವರ ಎರಡನೇ ಕಣ್ಣೂ ತೆರೆಯಿತು.

"ಮತ್ತೆ ನಮ್ಮ ನಲ್ಲಿ?" ಎಂದೆ.

"ವಾಷರ್ ತಂದಿಲ್ಲ ಸಾರ್. ನಾಳೆ ಬಂದ್ಬಿಡ್ತೀನಿ."