ಶಾರುಖ್ ಇದಾರೆ ಅನ್ನೋದಷ್ಟೇ ಅಲ್ಲ

ಲೇಖನ ಚೆನ್ನಾಗಿದೆ ಸರ್, ಆದ್ರೆ 'ಇನ್ ವಿಚ್ ಆ್ಯನಿ ಗಿವ್ಸ್ ಇಟ್ ದೋಸ್ ಒನ್ಸ್' ಬಗ್ಗೆ ಬರೀತಾ "ಶಾರುಖ್ ಖಾನ್ ಸಣ್ಣ ಪಾತ್ರ ಮಾಡಿದ ಹಳೇ ಟೀವಿ ಸಿನಿಮಾ" ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ರಲ್ಲ, ಬೇಜಾರಾಯ್ತು. ಅವ್ರು ಬರೋದೇ ಕೆಲವು ಸೀನಲ್ಲಿ. ಇದು ದೂರದರ್ಶನಕ್ಕೆ ಅಂತ್ಲೇ ನಿರ್ದೇಶಕ ಪ್ರದೀಪ್ ಕ್ರಿಶನ್ ಮಾಡಿದ್ದು, ಕತೆ ನಡೆಯೋದು ದೆಹಲಿಯ ಒಂದು ಆರ್ಕಿಟೆಕ್ಚರ್ ಕಾಲೇಜಲ್ಲಿ, 1989ರಲ್ಲಿ ಪ್ರಸಾರ ಆಯ್ತು, ಅದೂ ಜನ ಮಲಗೋ ಹೊತ್ತಲ್ಲಿ. ಬರೆದಿದ್ದು ಅರುಂಧತಿ ರಾಯ್, ರಾಧಾ ಪಾತ್ರನೂ ಅವರದ್ದೇ, ಸ್ವತಃ ದೆಹಲಿಯಲ್ಲಿ ಆರ್ಕಿಟೆಕ್ಚರ್ ಓದಿದವ್ರು ಹಾಗಾಗಿ ಆ 1974ರ ಹಾಸ್ಟೆಲ್ಲು, ಥೀಸಿಸ್ ಟೆನ್ಷನ್ನು, ಹಿಂದಿ ಇಂಗ್ಲಿಷ್ ಕಲಸಿದ ಹುಡುಗ್ರ ಭಾಷೆ ಎಲ್ಲಾ ಅಷ್ಟು ನಿಜ ಅನ್ಸುತ್ತೆ.

ನಾನೂ ಆರ್ಕಿಟೆಕ್ಚರ್ ಓದಿದವಳು. ಥೀಸಿಸ್ ಟೈಮಲ್ಲಿ ಫ್ರೆಂಡ್ಸ್ ಎಲ್ಲಾ ಸೇರಿ ಯೂಟ್ಯೂಬಲ್ಲಿ ಮಸುಕು ಮಸುಕಾದ ಪ್ರಿಂಟ್ ನೋಡಿದ್ವಿ, ವರ್ಷಗಟ್ಟಲೆ ಫೈನಲ್ ಇಯರಲ್ಲೇ ಉಳಿದಿರೋ ಆ್ಯನಿ ಅನ್ನೋ ಹುಡುಗ ರೂಮಲ್ಲಿ ಕೋಳಿ ಸಾಕ್ಕೊಂಡು, ರೈಲ್ವೆ ಹಳಿ ಪಕ್ಕ ಹಣ್ಣಿನ ಮರ ನೆಡ್ಬೇಕು, ರೈಲಿಂದ ಬೀಳೋ ಮಲವೇ ಗೊಬ್ಬರ ಅಂತ ಪ್ಲಾನ್ ಹಾಕ್ತಾನಲ್ಲ, ಎಷ್ಟು ನಕ್ವಿ ಅಂದ್ರೆ ಪಕ್ಕದ ರೂಮಿನವ್ರೂ ಬಂದು ಕೂತ್ರು. ಪ್ರಿನ್ಸಿಪಾಲ್‌ಗೆ ಹುಡುಗ್ರು ಇಟ್ಟ ಹೆಸರು ಯಮದೂತ, ರೋಶನ್ ಸೇಠ್ ಆ ಪಾತ್ರನ ಎಷ್ಟು ತಣ್ಣಗೆ ಮಾಡಿದಾರೆ ಅಂದ್ರೆ ನಗು ಬರ್ತಾನೇ ಭಯನೂ ಆಗುತ್ತೆ.

ಇನ್ನೊಂದು ವಿಷ್ಯ, ಇದರ ಚಿತ್ರಕಥೆಗೆ ರಾಯ್‌ಗೆ ರಾಷ್ಟ್ರ ಪ್ರಶಸ್ತಿ ಬಂದಿತ್ತು, 2015ರಲ್ಲಿ ಲೇಖಕರು, ಕಲಾವಿದರು ಪ್ರಶಸ್ತಿ ವಾಪಸ್ ಕೊಟ್ಟು ಪ್ರತಿಭಟಿಸಿದಾಗ ಅವ್ರು ಕೊಟ್ಟಿದ್ದು ಅದನ್ನೇ. ದಯವಿಟ್ಟು ಇದನ್ನೂ ಲೇಖನಕ್ಕೆ ಸೇರ್ಸಿ ಸರ್.