"ಸರ್, ಆನ್ಸರ್ ಎಷ್ಟು ಬರ್ಬೇಕು?"

ಬಿಎಸ್ಸಿ ಲ್ಯಾಬಿಗೆ ಕಾಲಿಟ್ಟರೆ ಮೊದಲು ಕಿವಿಗೆ ಬೀಳುವ ಪ್ರಶ್ನೆ ಇದು. ಬರಬೇಕಾದ್ದು ಎಷ್ಟು ಅಂತ ಗೊತ್ತಾದರೆ ಸಾಕು, ರೀಡಿಂಗುಗಳನ್ನು ಹಿಂದಿನಿಂದ ಹೊಂದಿಸಿಕೊಂಡು ಬರಬಹುದು. ಅದೂ ಬೇಡವೆಂದರೆ ಸೀನಿಯರ್‌ಗಳ ರೆಕಾರ್ಡ್ (ಪ್ರಯೋಗ ಬರೆದಿಡುವ ಪುಸ್ತಕ) ಇದ್ದೇ ಇದೆ. ಇದೇ ಮಕ್ಕಳ ಕೈಗೆ ಕೊನೆಯ ವರ್ಷ ರಿಸರ್ಚ್ ಪ್ರಾಜೆಕ್ಟ್ ಕೊಟ್ಟು "ಏನಾದ್ರೂ ಹೊಸದು ಮಾಡ್ರಪ್ಪ" ಅನ್ನುತ್ತೇವೆ. ಸಲಕರಣೆ ಇಲ್ಲ, ದುಡ್ಡಿಲ್ಲ ಅನ್ನುವ ದೂರು ಸುಳ್ಳಲ್ಲ. ಆದರೆ ಪ್ರಾಜೆಕ್ಟ್ ಕೆಡುವುದು ಅದಕ್ಕೂ ಮೊದಲೇ, ಈ ಪ್ರಶ್ನೆಯಲ್ಲೇ ಅಂತ ನನ್ನ ಅಭಿಪ್ರಾಯ.

ಎಲ್ಲರೂ ಮಾಡಿರುವ ಸರಳ ಲೋಲಕವನ್ನೇ ತಗೊಳ್ಳಿ. ದಾರಕ್ಕೊಂದು ಗುಂಡು, ಸ್ಟಾಪ್‌ವಾಚ್, 20 ಆಂದೋಲನಕ್ಕೆ ಎಷ್ಟು ಹೊತ್ತು, ಅದರಿಂದ g, ಅಂದರೆ ಭೂಮಿಯ ಗುರುತ್ವ ವೇಗೋತ್ಕರ್ಷ. ಪುಸ್ತಕದಲ್ಲಿ 9.8 ಅಥವಾ 9.81 ಇರುತ್ತದೆ. ಬೆಂಗಳೂರಿನಲ್ಲಿ ನಿಜವಾದ ಬೆಲೆ ಸುಮಾರು 9.78. ಭೂಮಧ್ಯರೇಖೆಗೆ ಹತ್ತಿರ, ಸಮುದ್ರಮಟ್ಟದಿಂದ 900 ಮೀಟರ್ ಎತ್ತರ, ಹಾಗಾಗಿ ಅಷ್ಟು ಕಮ್ಮಿ. ಅಂದರೆ ಶ್ರದ್ಧೆಯಿಂದ ಅಳೆದು 9.78 ತಂದವಳು ಅದನ್ನು ಒರೆಸಿ 9.81 ಬರೆದರೆ, ಸರಿಯಿದ್ದದ್ದನ್ನು ತಪ್ಪು ಮಾಡಿಕೊಂಡು ಪೂರ್ತಿ ಅಂಕ ತಗೊಂಡಂತೆ!

ಆದರೆ ಆ 9.78ನ್ನೂ ಅಷ್ಟು ಸುಲಭವಾಗಿ ನಂಬುವ ಹಾಗಿಲ್ಲ. ಒಂದು ಮೀಟರ್ ಲೋಲಕ 20 ಸಲ ತೂಗಲು ಸುಮಾರು 40 ಸೆಕೆಂಡ್ ಬೇಕು. g 9.78 ಇದ್ದರೂ 9.81 ಇದ್ದರೂ ಆ 40 ಸೆಕೆಂಡಿನಲ್ಲಿ ಆಗುವ ವ್ಯತ್ಯಾಸ ಬರೀ 0.06 ಸೆಕೆಂಡ್. ಬಟನ್ ಒತ್ತುವ ಬೆರಳೇ 0.2 ಸೆಕೆಂಡ್ ಆಚೀಚೆ ಆಗುತ್ತದೆ. ಅಷ್ಟು ಸಾಕು, g 0.1ರಷ್ಟು ಅಲ್ಲಾಡಲು. ಹಾಗಾಗಿ ಒಂದೇ ಸಲ ಅಳೆದವರು 9.8 ± 0.1 ಅಂತ ಬರೆದರೆ ಅದು ಪ್ರಾಮಾಣಿಕ ಉತ್ತರ. 9.812 ಅಂತ ಮೂರು ದಶಾಂಶ ಬರೆದರೆ ಕ್ಯಾಲ್ಕುಲೇಟರ್ ಕೊಟ್ಟಿದ್ದನ್ನು ನಕಲು ಮಾಡಿದ್ದು, ಅಷ್ಟೇ.

ತಪ್ಪು ಉತ್ತರಗಳು ಇನ್ನೂ ಸ್ವಾರಸ್ಯ. g 10.8 ಬಂತಾ? ಗುಂಡು ಬಿಡುವಾಗಲೇ "ಒಂದು" ಅಂತ ಎಣಿಸಿದ್ದೀರಿ, "ಸೊನ್ನೆ" ಅನ್ನಬೇಕಿತ್ತು. ತೂಗಿದ್ದು 19, ಭಾಗಿಸಿದ್ದು 20ರಿಂದ. 9.68 ಬಂತಾ? ದಾರವನ್ನಷ್ಟೇ ಅಳೆದು, ಗುಂಡಿನ ಒಂದು ಸೆಂಟಿಮೀಟರ್ ತ್ರಿಜ್ಯ ಸೇರಿಸಲು ಮರೆತಿರಬಹುದು. 9.63 ಆದರೆ 20 ಡಿಗ್ರಿಯಷ್ಟು ದೂರ ಎಳೆದು ಬಿಟ್ಟಿರಬಹುದು. "ಉಪಕರಣ ಸರಿ ಇಲ್ಲ ಸರ್" ಅಂದುಕೊಂಡು 9.8 ಬರೆದವರಿಗೆ ಇದರಲ್ಲಿ ಒಂದೂ ಸಿಗುವುದಿಲ್ಲ. ಬಂದ ಅಂಕಿಯನ್ನು ಹಾಗೇ ಬಿಟ್ಟು "ಯಾಕೆ?" ಅಂದವರಿಗೆ ಮಾತ್ರ ಸಿಗುತ್ತದೆ. ಬುದ್ಧಿವಂತಿಕೆಗಿಂತ ಇಲ್ಲಿ ಮನೋಭಾವದ್ದೇ ಕೆಲಸ.

ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನಟಾಶಾ ಹೋಮ್ಸ್, ನೊಬೆಲ್ ಪಡೆದ ಕಾರ್ಲ್ ವೀಮನ್ ಮತ್ತು ಡಗ್ ಬಾನ್ ಇದೇ ಲೋಲಕವನ್ನು ಬಳಸಿಕೊಂಡರು. 10 ಡಿಗ್ರಿಯಿಂದ ಬಿಟ್ಟಾಗ ಮತ್ತು 20 ಡಿಗ್ರಿಯಿಂದ ಬಿಟ್ಟಾಗ ಅವಧಿ ಒಂದೇನಾ? ಪಠ್ಯದ ಸೂತ್ರ "ಒಂದೇ" ಅನ್ನುತ್ತದೆ. ನಿಜದಲ್ಲಿ 0.6 ಶೇಕಡಾದಷ್ಟು ವ್ಯತ್ಯಾಸವಿದೆ. 20 ಆಂದೋಲನದಲ್ಲಿ ಅದು 0.23 ಸೆಕೆಂಡ್, ಬೆರಳಿನ ತಪ್ಪಿನಲ್ಲೇ ಮುಚ್ಚಿಹೋಗುತ್ತದೆ. ಆಂದೋಲನ 50ಕ್ಕೆ ಏರಿಸಿ, ಹತ್ತು ಸಲ ಅಳೆದು ಸರಾಸರಿ ತೆಗೆದರೆ ಮೇಲೆದ್ದು ಬರುತ್ತದೆ. ಹೋಲಿಸು, ಅಳತೆ ಸುಧಾರಿಸು, ಮತ್ತೆ ಹೋಲಿಸು ಅಂತ ವಾರವಾರವೂ ಹೇಳಿಸಿಕೊಂಡ ಗುಂಪು, ಆಮೇಲೆ ಯಾರೂ ಹೇಳದಿದ್ದರೂ ತಾನಾಗಿ ವಿಧಾನವನ್ನು ಸುಧಾರಿಸಲು ಹೊರಟದ್ದು ಮಾಮೂಲಿ ಗುಂಪಿಗಿಂತ 12 ಪಟ್ಟು ಹೆಚ್ಚು. 2015ರಲ್ಲಿ ಪ್ರಕಟವಾದ ಫಲಿತಾಂಶ ಇದು. ಅದೇ ದಾರ, ಅದೇ ಗುಂಡು.

ಜೀವವಿಜ್ಞಾನದಲ್ಲೂ ಇದೇ ಕಥೆ. ಮಣ್ಣಿನಿಂದ ಫೇಜ್ (ಬ್ಯಾಕ್ಟೀರಿಯಾಕ್ಕೆ ತಗುಲಿ ಅದನ್ನು ಕೊಲ್ಲುವ ವೈರಸ್) ಹುಡುಕುವ ಪ್ರಾಜೆಕ್ಟಿನಲ್ಲಿ, ಬ್ಯಾಕ್ಟೀರಿಯಾ ಬೆಳೆದು ಮಬ್ಬಾಗಬೇಕಿದ್ದ ತಟ್ಟೆ ಪೂರ್ತಿ ತಿಳಿಯಾಗಿ ಕಂಡರೆ "ಬಂತು ರಿಸಲ್ಟ್!" ಅಂತ ಫೋಟೋ ಹೊಡೆಯುವವರಿದ್ದಾರೆ. ಬ್ಯಾಕ್ಟೀರಿಯಾ ಬೆರೆಸಿ ಮೇಲೆ ಸುರಿದ ಮೆದು ಅಗರ್ (ಜೆಲ್ಲಿಯಂಥ ಪದಾರ್ಥ) ತೀರಾ ಬಿಸಿಯಿದ್ದರೆ ಬ್ಯಾಕ್ಟೀರಿಯಾ ಬೆಂದು ಸತ್ತಿರುತ್ತದೆ, ಆಗಲೂ ತಟ್ಟೆ ಹಾಗೇ ಕಾಣುತ್ತದೆ. ಫೇಜ್ ಹಾಕದ ಇನ್ನೊಂದು ತಟ್ಟೆ ಪಕ್ಕದಲ್ಲಿದ್ದು ಅದೂ ತಿಳಿಯಾಗಿದ್ದರೆ ಗುಟ್ಟು ರಟ್ಟು. ಆ ತಟ್ಟೆಯನ್ನು "ವೇಸ್ಟ್" ಅಂತ ಬಿಡುವುದೂ ಉತ್ತರಕ್ಕೆ ಆತುರಪಡುವ ರೋಗವೇ.

ಹಾಗಂತ ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಅಮೆರಿಕದಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಆ ವಿಷಯ ಮತ್ತು ಅದನ್ನು ಕಲಿಯುವ ಬಗ್ಗೆ "ನೀನೇನು ಅಂತೀಯ, ವಿಜ್ಞಾನಿ ಏನಂತಾನೆ" ಅಂತ ಎರಡೆರಡು ಸಲ ಕೇಳುವ ಸಮೀಕ್ಷೆಗಳಿವೆ. ವಿಜ್ಞಾನಿ ಏನನ್ನುತ್ತಾನೆ ಅಂತ ಬಹುಮಟ್ಟಿಗೆ ಸರಿಯಾಗೇ ಹೇಳುತ್ತಾರೆ, ತಮಗೆ ಮಾತ್ರ ಅದು ಒಪ್ಪಿಗೆಯಿಲ್ಲ. ಯಾಕಿರಬೇಕು? ಅಂಕ ಸಿಗುವುದು ಹೊಂದಿಕೆಯಾದ ಉತ್ತರಕ್ಕೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಾಲ್ಕು ವರ್ಷದ ಪದವಿ ಚೌಕಟ್ಟಿನಲ್ಲಿ, ಕೊನೆಯ ವರ್ಷ ಸಂಶೋಧನೆ ಮಾಡುವ ಸಂಶೋಧನಾ ಆನರ್ಸ್‌ಗೆ ಹೋಗಲು ಮೊದಲ ಆರು ಸೆಮಿಸ್ಟರ್‌ಗಳಲ್ಲಿ 75 ಶೇಕಡಾ ಬೇಕು. ಉತ್ತರ ಹೊಂದಿಸುವುದರಲ್ಲಿ ಪಳಗಿದವರನ್ನೇ ಸೋಸಿ ಸಂಶೋಧನೆಗೆ ಕಳಿಸುವ ಜರಡಿ ಇದು. ಕರ್ನಾಟಕ 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿತು. ಮೂರೋ ನಾಲ್ಕೋ ಅಂತ ಜಗಳ ಆಡಿದಷ್ಟು ರೆಕಾರ್ಡ್‌ಗೆ ಅಂಕ ಹೇಗೆ ಕೊಡಬೇಕು ಅಂತ ಯಾರೂ ಆಡಲಿಲ್ಲ.

ಬದಲಿಸಲು ಸರ್ಕಾರದ ಆದೇಶ ಬೇಕಿಲ್ಲ. ಅಬ್ಸರ್ವೇಶನ್ ಬುಕ್ಕಿನಲ್ಲಿ ಪೆನ್ನಿನಲ್ಲೇ ಬರೆಯಲಿ. ತಪ್ಪಾದರೆ ಒಂದು ಗೆರೆ ಹೊಡೆದು ಪಕ್ಕದಲ್ಲಿ ಕಾರಣ ಬರೆಯಲಿ, ವೈಟ್‌ನರ್ ಬೇಡ. ಒಂದೇ ಪ್ರಯೋಗಕ್ಕೆ ಎರಡು ವಾರ ಕೊಡಿ, ಎರಡನೇ ವಾರ ಏನು ಬದಲಿಸಿದರು ಅನ್ನುವುದಕ್ಕೇ ಒಟ್ಟು ಅಂಕದಲ್ಲಿ ಅರ್ಧದಷ್ಟು ಇಡಿ. ಉತ್ತರದ ಅಂಕಿಗೆ ಸೊನ್ನೆ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಸೂತ್ರ ಕೇಳುವ ಬದಲು, ಗೆರೆ ಹೊಡೆದ ಒಂದು ರೀಡಿಂಗ್ ತೋರಿಸಿ "ಇದ್ಯಾಕಮ್ಮ ಹೊಡೆದೆ?" ಅಂತ ಕೇಳಿ. ಗೆರೆಯೇ ಇಲ್ಲದ, ಮುತ್ತು ಪೋಣಿಸಿದಂಥ ಬುಕ್ ತಂದವರನ್ನು ಮಾತ್ರ ಸ್ಟಾಪ್‌ವಾಚ್ ಕೈಗಿಟ್ಟು ಎದುರಲ್ಲೇ ಮತ್ತೊಮ್ಮೆ ಎಣಿಸಲು ಕೂರಿಸಿ.