ಭಾವನ ಹೆಬ್ಬೆರಳಿನಲ್ಲಿ ಗ್ರೀಸ್

ಗ್ರೀಸ್ ದೇಶ ಎಷ್ಟು ದೊಡ್ಡದು ಅಂತ ನಮ್ಮ ಭಾವನನ್ನು ಕೇಳಿ ನೋಡಿ. ಒಂದೂವರೆ ಹೆಬ್ಬೆರಳು ಅನ್ನುತ್ತಾರೆ. ಫೋನಿನಲ್ಲಿ ಮ್ಯಾಪ್ ತೆರೆದು ಅಥೆನ್ಸ್ ಮೇಲೆ ಹೆಬ್ಬೆರಳು ಊರುತ್ತಾರೆ. ಉಗುರಿನ ತುದಿಯವರೆಗೆ ಬರುವ ಊರುಗಳೆಲ್ಲ "ಇಲ್ಲೇ". ಉಗುರು ದಾಟಿದ್ದು "ಹತ್ರಾನೇ". ಮಧ್ಯೆ ಬೆಟ್ಟ ಇದೆಯೋ, ಸಮುದ್ರ ಇದೆಯೋ, ಇನ್ನೊಂದು ದೇಶವೇ ಇದೆಯೋ, ಅದೆಲ್ಲ ಹೆಬ್ಬೆರಳಿಗೆ ಸಂಬಂಧಪಟ್ಟ ವಿಷಯ ಅಲ್ಲ. ಮ್ಯಾಪನ್ನು ಎಷ್ಟು ಚಿಕ್ಕದು ಮಾಡಿಕೊಂಡಿದ್ದೀರಿ ಅಂತ ಕೇಳುವ ಹಾಗಿಲ್ಲ. ಹಿರಿಯರು.

ನನ್ನ ಸಿಟ್ಟೆಲ್ಲ ಈ ಬೆರಳಿನ ಮೇಲೇ. ಮೊನ್ನೆ ಮಂಗಳವಾರ ನಡೆದದ್ದಂತೂ ಇನ್ನೂ ತಲೆಯಿಂದ ಇಳಿದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಹೊರಟಿರುವುದು ಅಕ್ಕ, ಭಾವ, ನಾನು, ನಮ್ಮ ಮನೆಯವರು. ಎಲ್ಲರಿಗೂ ಮೊದಲ ಸಲ. ಪ್ಲ್ಯಾನ್ ಮಾಡುವ ಕೆಲಸ ನನ್ನ ಕುತ್ತಿಗೆಗೆ ಬಿತ್ತು. ನಾನು ಮಾಡಿದ್ದು ಸರಳ: ಅಥೆನ್ಸಿನಲ್ಲಿ ಬೀಡು ಬಿಡುವುದು, ಹಳೇ ಗುಡಿಗಳಿರುವ ಆಕ್ರೊಪೊಲಿಸ್ ಗುಡ್ಡ ನಿಧಾನವಾಗಿ ನೋಡುವುದು, ಒಂದು ದಿನ ಡೆಲ್ಫಿ, ಒಂದು ದಿನ ಮೈಸೀನಿ ಮತ್ತು ಎಪಿಡಾರಸ್ ಅನ್ನುವ ಹಳೇ ಊರುಗಳು. ಉಳಿದ ಹೊತ್ತು ಕಾಲು ಚಾಚಿ ಕಾಫಿ.

ಗ್ರೀಸಿಗೆ ಬೇಕಾದದ್ದು ಷೆಂಗೆನ್ ವೀಸಾ, ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ. ಅದನ್ನು ಮಾಡಿಸಿದವರಿಗೆ ಮುಂದಿನದು ಗೊತ್ತು. ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು, ಐಟಿ ರಿಟರ್ನ್ಸು, ಆಫೀಸಿನಿಂದ ರಜೆ ಪತ್ರ, 30,000 ಯೂರೋ ಮೊತ್ತದ ವಿಮೆ, ತಲೆಗೆ 90 ಯೂರೋ ಫೀಸು, 35 ಮಿಲಿಮೀಟರ್ ಅಗಲ 45 ಮಿಲಿಮೀಟರ್ ಎತ್ತರದ, ನಗು ಇಲ್ಲದ ಮುಖದ ಫೋಟೊ. ಇದೆಲ್ಲ ಹೇಗೋ ಆಗುತ್ತದೆ. ಆಗದಿರುವುದು ದಿನದ ಪ್ಲ್ಯಾನು. ಯಾವ ದಿನ ಯಾವ ಊರು, ಎಲ್ಲಿ ಮಲಗುತ್ತೀರಿ, ಬಸ್ಸೋ ಹಡಗೋ, ಎಲ್ಲ ಟೈಪ್ ಮಾಡಿ ಕೊಡಬೇಕು. ಅಕ್ಟೋಬರಿನ ಒಂದು ಗುರುವಾರ ಮಧ್ಯಾಹ್ನ, ಇನ್ನೂ ಕಣ್ಣಲ್ಲಿ ನೋಡದ ದೇಶದಲ್ಲಿ ನಾನು ಎಲ್ಲಿರುತ್ತೇನೆ ಅಂತ ಈಗಲೇ ಬರೆದು ಸಹಿ ಹಾಕಬೇಕು. ನಾಳೆ ಬೆಳಿಗ್ಗೆ ತಿಂಡಿ ಏನು ಅಂತ ನಮ್ಮ ಮನೆಯಲ್ಲಿ ರಾತ್ರಿ ಹತ್ತಾದರೂ ತೀರ್ಮಾನ ಆಗಿರುವುದಿಲ್ಲ.

ನಾನು ಟೈಪ್ ಮಾಡಿದ್ದೇ ತಡ, ಭಾವನ ಹೆಬ್ಬೆರಳು ಕೆಲಸ ಶುರು ಮಾಡಿತು.

ಭಾವ ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ಎಲ್‌ಟಿಸಿ ಹಾಕಿ ಇಂಡಿಯಾ ಸುತ್ತಿದವರು. ಅವರ ಪಾಲಿಗೆ ಪ್ರವಾಸ ಅಂದರೆ ಶುಕ್ರವಾರ ರಾತ್ರಿ ಮೈಸೂರು ಬಿಟ್ಟು ಸುಬ್ರಹ್ಮಣ್ಯ, ಧರ್ಮಸ್ಥಳ, ಹೊರನಾಡು, ಶೃಂಗೇರಿ ಮುಗಿಸಿ ಸೋಮವಾರ ಬೆಳಿಗ್ಗೆ ಡ್ಯೂಟಿಗೆ ಹಾಜರಾಗುವುದು. ಗ್ರೀಸ್ ಕೂಡ ಅದೇ ತರಹ, ಪ್ರಸಾದ ಒಂದು ಸಿಗಲ್ಲ ಅಷ್ಟೆ. ಮೈಸೀನಿಗೆ ಅವರು ಕೊಟ್ಟ ಟೈಮು ಇಪ್ಪತ್ತೈದು ನಿಮಿಷ. "ಬಾಗಿಲ ಮೇಲೆ ಎರಡು ಸಿಂಹ ಇದೆ, ಫೋಟೊ ತಗೊಂಡ್ರೆ ಆಯ್ತಲ್ಲಮ್ಮ." ಆ ಸಿಂಹಗಳು ಅಲ್ಲಿ 3,200 ವರ್ಷಕ್ಕೂ ಜಾಸ್ತಿ ನಿಂತಿವೆ. ನಮ್ಮ ಭಾವನಿಗೆ ಅರ್ಧ ಗಂಟೆ ನಿಲ್ಲಲು ಪುರುಸೊತ್ತಿಲ್ಲ.

ಮೊದಲು ಮೆಟಿಯೊರಾ ಸೇರಿತು. ಕಂಬದಂಥ ಬಂಡೆಗಳ ನೆತ್ತಿಯಲ್ಲಿ ಕಟ್ಟಿದ ಮಠಗಳು. ಅಥೆನ್ಸಿನಿಂದ ಸುಮಾರು 350 ಕಿಲೋಮೀಟರು. ಭಾವನ ಲೆಕ್ಕದಲ್ಲಿ ಮುಕ್ಕಾಲು ಬೆರಳು, ಅಂದರೆ ಇಲ್ಲೇ. ಈಗ ಆರು ಮಠ ನಡೆಯುತ್ತಿವೆ, ಒಂದೊಂದಕ್ಕೂ ವಾರದಲ್ಲಿ ಬೇರೆ ಬೇರೆ ದಿನ ಬಾಗಿಲು ಹಾಕುತ್ತಾರೆ ಅಂದೆ. "ಹಾಗಾದ್ರೆ ಯಾವ್ದಾದ್ರೂ ಒಂದು ತೆಗ್ದೇ ಇರುತ್ತೆ" ಅಂದರು. ಹೆಂಗಸರು ಪ್ಯಾಂಟ್ ಹಾಕಿಕೊಂಡು ಒಳಗೆ ಹೋಗುವ ಹಾಗಿಲ್ಲ, ಉದ್ದ ಲಂಗವೇ ಬೇಕು ಅಂತ ಓದಿ ಹೇಳಿದೆ. ಈ ಪ್ರವಾಸಕ್ಕೇ ಅಂತ ಹೊಸ ಪ್ಯಾಂಟ್ ತಂದಿಟ್ಟುಕೊಂಡವಳು ನಾನು. ಅಕ್ಕ ಟೀ ಕುಡಿಯುತ್ತಾ, "ನಾನಂತೂ ಸೀರೆಲೇ ಬರೋದು" ಅಂದಳು. ಬೇರೆ ಏನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಮೆಟ್ಟಿಲು ಜಾಸ್ತಿ, ಹಿಂದಿನ ಕಾಲದಲ್ಲಿ ಜನರನ್ನು ಬಲೆಯಲ್ಲಿ ಕೂರಿಸಿ ಹಗ್ಗದಲ್ಲಿ ಮೇಲೆ ಎಳೆಯುತ್ತಿದ್ದರಂತೆ ಅಂತ ಹೆದರಿಸಿ ನೋಡಿದೆ. "ಅದು ಈಗ್ಲೂ ಇದ್ರೆ ವಿಚಾರಿಸು, ನಿಮ್ಮಕ್ಕನ ಮಂಡಿಗೆ ಅನುಕೂಲ" ಅಂದರು ಭಾವ.

ಆಮೇಲೆ ಹಳೇ ಕಾಲದ ಒಲಿಂಪಿಕ್ಸ್ ನಡೆಯುತ್ತಿದ್ದ ಒಲಿಂಪಿಯಾ. ಆಮೇಲೆ ಕ್ರೀಟ್. ಕ್ರೀಟ್ ದ್ವೀಪ, ಭಾವ, ರಾತ್ರಿಯೆಲ್ಲ ಹಡಗಿನಲ್ಲಿ ಹೋಗಬೇಕು ಅಂದೆ. ಅವರ ಮುಖ ಅರಳಿತು. "ಮತ್ತೇನು! ರಾತ್ರಿ ಹತ್ತೋದು, ಬೆಳಿಗ್ಗೆ ಇಳಿಯೋದು. ಆವತ್ತಿನ ಹೋಟೆಲ್ ಬಾಡಿಗೆ ಉಳೀತು." ಬ್ಯಾಂಕಿನವರ ಹತ್ತಿರ ವಾದ ಮಾಡಬಾರದು.

ಟ್ರಾಯ್ ವಿಷಯಕ್ಕೆ ಮಾತ್ರ ನಾನು ಗಟ್ಟಿಯಾಗಿ ನಿಂತೆ. ಟ್ರಾಯ್ ಇರುವುದು ಟರ್ಕಿಯಲ್ಲಿ. ಒಂದೇ ಸಲ ಒಳಗೆ ಬಿಡುವ ವೀಸಾ ಹಿಡಿದು ಗ್ರೀಸಿನಿಂದ ಟರ್ಕಿಗೆ ದಾಟಿದರೆ ವಾಪಸ್ ಬಿಡುವುದಿಲ್ಲ. ಭಾವ ನಂಬಲೇ ಇಲ್ಲ. "ಯುದ್ಧ ಮಾಡಿದ್ದು ಗ್ರೀಕರು. ಊರು ಹೋಗಿ ಟರ್ಕಿಲಿ ಹೆಂಗಿರುತ್ತೆ?" ಅದು ಅವರು ಹತ್ತು ವರ್ಷ ಮುತ್ತಿಗೆ ಹಾಕಿದ ಊರು ಭಾವ, ಅವರದ್ದಲ್ಲ ಅಂದೆ. ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಬೆರಳಿಟ್ಟು ನೋಡಿ, "ಒಂದು ಗೆಣ್ಣು ಅಷ್ಟೆ" ಅಂದರು.

ಇಷ್ಟರಲ್ಲಿ ಯಾರೋ ಅವರಿಗೆ ಹಳೇ ಗ್ರೀಕ್ ಪ್ರಹಸನದಲ್ಲಿ ಕನ್ನಡ ಇದೆ ಅಂತ ವಾಟ್ಸಾಪ್ ಕಳಿಸಿದರು. ವಿಷಯ ಪೂರ್ತಿ ಸುಳ್ಳಲ್ಲ. ಎರಡನೇ ಶತಮಾನದ ಒಂದು ಪಪೈರಸ್ ಹಾಳೆಯಲ್ಲಿ ಗ್ರೀಕ್ ಪ್ರಹಸನ ಸಿಕ್ಕಿದೆ. ಇಂಡಿಯಾದ ಕಡಲ ತೀರದಲ್ಲಿ ಸಿಕ್ಕಿಬಿದ್ದ ಗ್ರೀಕ್ ಹುಡುಗಿಯ ಕತೆ. ಅದರಲ್ಲಿ ಇಲ್ಲಿಯವರು ಆಡುವ ಮಾತು ಕನ್ನಡ ಅಂತ ಗೋವಿಂದ ಪೈಯವರಂಥವರೂ ವಾದಿಸಿದ್ದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಭಾವ ಒಪ್ಪಿದ್ದಾರೆ. ಅದನ್ನು ನೋಡದೆ ಬರುವುದುಂಟೇ ಅಂತ ಹಟ ಹಿಡಿದರು. ಅದು ಸಿಕ್ಕಿದ್ದು ಗ್ರೀಸಿನಲ್ಲಲ್ಲ, ಈಜಿಪ್ಟಿನಲ್ಲಿ ಅಂದೆ. ಬಾಯಿ ತಪ್ಪಿ ಬಂದ ಮಾತಲ್ಲ, ಅಲ್ಲಿಗೆ ಸುಮ್ಮನಾಗುತ್ತಾರೆ ಅಂತ ಬೇಕೆಂದೇ ಹೇಳಿದ್ದು. ಭಾವ ಮ್ಯಾಪನ್ನು ಸ್ವಲ್ಪ ಕೆಳಗೆ ಸರಿಸಿದರು. ಹೆಬ್ಬೆರಳು ಇಟ್ಟರು. ನಾನು ಅಡುಗೆಮನೆಗೆ ಎದ್ದು ಹೋದೆ.

ಆಕ್ರೊಪೊಲಿಸ್ಸಿನ ದೊಡ್ಡ ಗುಡಿ ಪಾರ್ಥೆನಾನಿನ ಶಿಲ್ಪಗಳಲ್ಲಿ ಈಗ ಉಳಿದಿರುವುದರ ಅರ್ಧದಷ್ಟು ಲಂಡನ್ನಿನಲ್ಲಿವೆ ಅನ್ನುವುದನ್ನು ಅವರಿಂದ ಮುಚ್ಚಿಟ್ಟಿದ್ದೇನೆ. ಓದುವವರು ದಯವಿಟ್ಟು ಹೇಳಬೇಡಿ.

ಆಕ್ರೊಪೊಲಿಸ್ ಟಿಕೆಟ್ಟಿನದು ಇನ್ನೊಂದು ಪಾಡು. 2023ರಿಂದ ಅಲ್ಲಿ ಗಂಟೆ ಲೆಕ್ಕದಲ್ಲಿ ಒಳಗೆ ಬಿಡುತ್ತಾರೆ, ದಿನಕ್ಕೆ 20,000 ಜನ ಮಾತ್ರ. ಟಿಕೆಟ್ಟು 30 ಯೂರೋ. ಬೆಳಿಗ್ಗೆ 8 ಗಂಟೆ ಅಂತ ಹಾಕೋಣ, ಬಿಸಿಲು ಏರುವ ಮುಂಚೆ ಅಂದೆ. "ಎಂಟು ಅಂದ್ರೆ ಎಂಟಕ್ಕೇನಾ?" ಅಂತ ಅಕ್ಕ. ಅವಳ ಪೂಜೆ ಮುಗಿಯುವುದು ಎಂಟೂವರೆಗೆ. ಅಮೃತಶಿಲೆ ಜನ ತುಳಿದು ತುಳಿದು ನುಣ್ಣಗಾಗಿ ಜಾರುತ್ತದೆ, ಒಳ್ಳೆ ಶೂ ತಗೋ ಅಂದರೆ ಹವಾಯಿ ಚಪ್ಪಲಿಯಷ್ಟು ಹಿಡಿತ ಯಾವುದಕ್ಕೂ ಇಲ್ಲ ಅನ್ನುತ್ತಾಳೆ. ಪುಣ್ಯಕ್ಕೆ ಅಲ್ಲಿ 2009ರಿಂದ ನಿಷೇಧ ಇರುವುದು ಹೈಹೀಲ್ಸಿಗೆ. ಕಟ್ಟಡಕ್ಕೆ ಅಟ್ಟಣಿಗೆ ಕಟ್ಟಿ 1975ರಿಂದ ರಿಪೇರಿ ಮಾಡುತ್ತಿದ್ದಾರೆ ಅಂತ ಹೇಳಿದಾಗ ಭಾವ ತಲೆ ಎತ್ತಿ ಕೇಳಿದ ಪ್ರಶ್ನೆ: "ಯಾವನಮ್ಮ ಕಂಟ್ರಾಕ್ಟರು?"

ಸರಿ, ಮಂಗಳವಾರಕ್ಕೆ ಬರೋಣ. ವೀಸಾ ಸೆಂಟರಿನಲ್ಲಿ ನಾಲ್ವರಿಗೂ ಒಟ್ಟಿಗೆ ಸಿಕ್ಕ ಅಪಾಯಿಂಟ್‌ಮೆಂಟ್ ಮಂಗಳವಾರ ಬೆಳಿಗ್ಗೆ 11 ಗಂಟೆಗೆ. ಒಳ್ಳೆ ಕೆಲಸಕ್ಕೆ ಮಂಗಳವಾರ ಹೊರಡಬಾರದು ಅಂತ ಭಾವ. ಇಂಥ ಮೂಢನಂಬಿಕೆಯೆಲ್ಲ ಯುರೋಪಿನಲ್ಲಿ ನಡೆಯುವುದಿಲ್ಲ ಅಂತ ಹೇಳಲು ಸಾಕ್ಷಿ ಹುಡುಕಿದೆ. ಸಿಕ್ಕಿದ್ದು ಇದು: ಗ್ರೀಕರಿಗೂ ಮಂಗಳವಾರ ಆಗಿಬರುವುದಿಲ್ಲ. ಅವರ ರಾಜಧಾನಿ ಕಾನ್‌ಸ್ಟಾಂಟಿನೋಪಲ್ ಕೈತಪ್ಪಿ ತುರ್ಕರ ಪಾಲಾದದ್ದು 1453ರ ಮೇ 29, ಮಂಗಳವಾರ. ನಾನು ಲ್ಯಾಪ್‌ಟಾಪ್ ಮುಚ್ಚಿ ಸುಮ್ನೆ ಕೂತೆ.

ಭಾವನೇ ದಾರಿ ಹುಡುಕಿದರು. ಹಿಂದಿನವರು ಮಾಡುತ್ತಿದ್ದದ್ದು: ಹಿಂದಿನ ದಿನವೇ ಸಾಮಾನು ಬೇರೆ ಮನೆಯಲ್ಲಿ ಇಟ್ಟರೆ ಅವತ್ತೇ ಹೊರಟ ಲೆಕ್ಕ. ಸೋಮವಾರ ಸಂಜೆ ಒಳ್ಳೆ ಗಳಿಗೆ ನೋಡಿ ನಾಲ್ಕು ಪಾಸ್‌ಪೋರ್ಟು, ಅಷ್ಟೂ ಕಾಗದ ಇದ್ದ ಫೈಲನ್ನು ಎದುರು ಫ್ಲಾಟಿನ ಆಂಟಿ ಮನೆಯಲ್ಲಿ ಇಟ್ಟು ಬಂದರು. ಆಂಟಿ ಅರಿಶಿನ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟರಂತೆ.

ಬೆಳಿಗ್ಗೆ ಎಂಟಕ್ಕೆ ಹೋಗಿ ನೋಡಿದರೆ ಎದುರು ಮನೆಗೆ ಬೀಗ. ಮೊಮ್ಮಗುವಿಗೆ ಜ್ವರ ಅಂತ ಆಂಟಿ ಬೆಳಗಿನ ಜಾವವೇ ವೈಟ್‌ಫೀಲ್ಡಿಗೆ, ಮಗಳ ಮನೆಗೆ ಹೋಗಿದ್ದಾರೆ. ಬೀಗದ ಕೈ ಅವರ ವ್ಯಾನಿಟಿ ಬ್ಯಾಗಿನಲ್ಲಿ. ನಾವಿರುವುದು ಜಯನಗರದಲ್ಲಿ. ಬೆಂಗಳೂರಿನವರಿಗೆ ಇದಕ್ಕಿಂತ ಜಾಸ್ತಿ ವಿವರಿಸಬೇಕಾಗಿಲ್ಲ.

ಆಂಟಿಯ ಅಳಿಯ ಕೀಯನ್ನು ಬೈಕ್ ಡೆಲಿವರಿ ಹುಡುಗನ ಕೈಲಿ ಕೊಟ್ಟು ಕಳಿಸಿದರು. ನಾವು ನಾಲ್ವರೂ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಆ ಬೈಕಿನ ಗುರುತು ನೋಡುತ್ತಿದ್ದೆವು. ಅಕ್ಕ ರೇಷ್ಮೆ ಸೀರೆ ಉಟ್ಟಿದ್ದಳು. ಭಾವ ಬಗ್ಗಿ ಬೆರಳಿಟ್ಟು, "ಒಂದು ಹೆಬ್ಬೆರಳು. ಇಲ್ಲೇ ಇದಾನೆ" ಅಂದರು. ಒಂಬತ್ತು ಗಂಟೆಗೆ "ಅರ್ಧ ಬೆರಳು, ಬಂದೇ ಬಿಟ್ಟ" ಅಂದರು. ಸಿಲ್ಕ್ ಬೋರ್ಡಿನಲ್ಲಿ ಆ ಗುರುತು ನಿಂತೇ ಹೋಯಿತು. ಬೈಕ್ ನಿಂತಿದೆ, ಬೆರಳೂ ನಿಂತಿದೆ. ಒಂಬತ್ತೂವರೆಗೆ ಅರ್ಧ ಬೆರಳು. ಒಂಬತ್ತು ಮುಕ್ಕಾಲಿಗೂ ಅರ್ಧ ಬೆರಳು. ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಬಂದ ಮಾತುಗಳನ್ನು ಅಕ್ಕನ ಗಂಡ ಅನ್ನುವ ಒಂದೇ ಕಾರಣಕ್ಕೆ ಆಡಲಿಲ್ಲ. ನಮ್ಮ ಮನೆಯವರು ಮೆಲ್ಲಗೆ, "ನೋಡಿ ಭಾವ, ಮ್ಯಾಪಲ್ಲಿ ಹತ್ರ ಇದ್ರೆ ಹತ್ರ ಅಂತ ಅಲ್ಲ" ಅಂದರು. ಭಾವ ಒಪ್ಪಿಕೊಂಡರು. "ಹೌದಪ್ಪ, ಬೆಂಗಳೂರಲ್ಲಿ ಹಂಗೇ. ಗ್ರೀಸಲ್ಲಿ ಈ ಟ್ರಾಫಿಕ್ ಇರಲ್ಲ."

ಹತ್ತು ಗಂಟೆ ಹತ್ತು ನಿಮಿಷಕ್ಕೆ ಕೀ ಬಂತು. ಫೈಲಿನ ಮೇಲಿನ ಕುಂಕುಮ ಭಾವನ ಅರ್ಜಿಗೆ ಹತ್ತಿ, ವಿಳಾಸದ ಜಾಗವೆಲ್ಲ ಕೆಂಪು. ಕೌಂಟರಿನ ಹುಡುಗಿ ಅದನ್ನು ಒಂದು ಸಲ, ನಮ್ಮನ್ನು ಒಂದು ಸಲ ನೋಡಿ, ಏನೂ ಕೇಳದೆ ಹೊಸ ಹಾಳೆ ಕೊಟ್ಟಳು. ನಾನು ನಿದ್ದೆಗೆಟ್ಟು ಮಾಡಿದ ದಿನದ ಪ್ಲ್ಯಾನ್ ಇದೆಯೋ ಇಲ್ಲವೋ ಅಂತ ಮಾತ್ರ ನೋಡಿ ಟಿಕ್ ಹಾಕಿ ಪಕ್ಕಕ್ಕಿಟ್ಟಳು. ಭಾವ ನನ್ನ ಕಿವಿಯಲ್ಲಿ, "ನೋಡಿದ್ಯಾ, ಓದ್ಲೇ ಇಲ್ಲ. ಟ್ರಾಯ್ ಸೇರಿಸ್ಬೋದಿತ್ತು" ಅಂದರು.

ವಾಪಸ್ ಬರುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಡೇರಿ ಸರ್ಕಲ್ಲಿನ ಹತ್ತಿರ ಭಾವ ತಾವಾಗಿಯೇ, "ಎದುರಿಗೆ ಎಂಟು, ಪಕ್ಕಕ್ಕೆ ಹದಿನೇಳು" ಅಂದರು. ಏನದು ಅಂದೆ. ಪಾರ್ಥೆನಾನಿನ ಕಂಬ. ಹೊಳೆನರಸೀಪುರದ ಕಡೆ ಹೈಸ್ಕೂಲಿನಲ್ಲಿ ಓದುವಾಗ ಇತಿಹಾಸದ ಪುಸ್ತಕದಲ್ಲಿ ಅದರ ಚಿತ್ರ ಇತ್ತಂತೆ. ಮಸಿ ಹರಡಿ ಕಂಬಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು, ಎಣಿಸಲು ಆಗುತ್ತಿರಲಿಲ್ಲ. ಮೇಷ್ಟ್ರು ಬಾಯಿಪಾಠ ಮಾಡಿಸಿದ್ದರು. ಅವರೂ ನೋಡಿದವರಲ್ಲ. ನಿಮ್ಮಲ್ಲಿ ಯಾವನಾದ್ರೂ ಹೋದ್ರೆ ಎಣಿಸಿ ಬಂದು ಹೇಳ್ರೋ ಅಂದಿದ್ದರಂತೆ. ಈಗ ಹೇಳೋಣ ಅಂದರೆ ಮೇಷ್ಟ್ರಿಲ್ಲ. "ಇನ್ನೊಂದ್ಸಲ ಎಲ್ಲಿ ಹೋಗ್ತೀವಮ್ಮ ನಾವು, ಈ ಮಂಡಿ ಇಟ್ಕೊಂಡು" ಅಂದರು. ನಾನು ಕಿಟಕಿ ಕಡೆ ನೋಡಿದೆ. ಒಲಿಂಪಿಯಾಗಾದರೂ ಇನ್ನೊಂದು ದಿನ ಸೇರಿಸಬಹುದಿತ್ತೇನೋ ಅಂತ ಅನ್ನಿಸಿತು. ಮನೆ ತಲುಪುವ ಹೊತ್ತಿಗೆ ಭಾವ ಒಲಿಂಪಿಯಾದಿಂದ ಇಟಲಿಗೆ ಎಷ್ಟು ಬೆರಳು ಅಂತ ನೋಡುತ್ತಿದ್ದರು. ಆ ಅನ್ನಿಸಿಕೆ ಅಲ್ಲಿಗೇ ಹೋಯಿತು.

ಈಗ ಕಾಯುವ ಕೆಲಸ. 15 ದಿನ ಅನ್ನುತ್ತಾರೆ. ಕಾಯುತ್ತಾ ಡೆಲ್ಫಿ ಬಗ್ಗೆ ಓದುತ್ತಿದ್ದೇನೆ. ಅಲ್ಲಿ ಅಪೊಲೊ ದೇವರ ಪೂಜಾರಿಣಿ ಪಿಥಿಯಾ ಮೈಮೇಲೆ ಬಂದು ಭವಿಷ್ಯ ಹೇಳುತ್ತಿದ್ದಳು. ಅದೂ ತಿಂಗಳಿಗೆ ಒಂದೇ ದಿನ. ಚಳಿಗಾಲದ ಮೂರು ತಿಂಗಳು ದೇವರು ಊರಲ್ಲಿರುವುದಿಲ್ಲ, ಅಪಾಯಿಂಟ್‌ಮೆಂಟ್ ಇಲ್ಲ. ಮೊದಲು ಫೀಸು ಕಟ್ಟಬೇಕು. ಆಮೇಲೆ ಮೇಕೆ ತಂದು ಅದರ ಮೇಲೆ ತಣ್ಣೀರು ಚಿಮುಕಿಸುತ್ತಾರೆ. ಮೇಕೆ ಗಡಗಡ ನಡುಗಿದರೆ ದೇವರ ಒಪ್ಪಿಗೆ, ನಡುಗದಿದ್ದರೆ ಮನೆಗೆ ಹೋಗಿ. ಎಲ್ಲರಿಗಿಂತ ಮುಂದೆ ಹೋಗುವ ವಿಶೇಷ ಹಕ್ಕೂ ಇತ್ತು. ಕಿಯೋಸ್ ದ್ವೀಪದವರು ಗುಡಿಯ ಎದುರು ದೊಡ್ಡ ಬಲಿಪೀಠ ಕಟ್ಟಿಸಿಕೊಟ್ಟರು, ಅವರಿಗೆ ಆ ಹಕ್ಕು ಸಿಕ್ಕಿತು. ಇಷ್ಟೆಲ್ಲ ಆದಮೇಲೆ ಸಿಗುವ ಉತ್ತರವಾದರೂ ನೆಟ್ಟಗಿತ್ತಾ? ಪರ್ಷಿಯದ ಮೇಲೆ ಯುದ್ಧಕ್ಕೆ ಹೋಗಲಾ ಅಂತ ಕೇಳಿದ ಕ್ರೀಸಸ್ ರಾಜನಿಗೆ, ಹೋದರೆ ಒಂದು ದೊಡ್ಡ ಸಾಮ್ರಾಜ್ಯ ನಾಶವಾಗುತ್ತದೆ ಅಂದಳು. ಹೋದ. ನಾಶವಾದದ್ದು ಅವನದೇ.

ನನ್ನ ಫೋನಿಗೆ ಬರುವುದೂ ಇಂಥದೇ ಉತ್ತರ. "ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ." ದಿನವೆಲ್ಲ ಆ ಟ್ರ್ಯಾಕಿಂಗ್ ನಂಬರ್ ಹಾಕಿ ಹಾಕಿ ನಡುಗುತ್ತಿರುವವಳು ನಾನೊಬ್ಬಳೇ. ಡೆಲ್ಫಿಯ ಈ ವಿಷಯವನ್ನು ಅಕ್ಕನಿಗೆ ಹೇಳಿದ್ದೆ, ಅವಳು ಭಾವನಿಗೆ ಹೇಳಿದ್ದಾಳೆ. ಇವತ್ತು ಬೆಳಿಗ್ಗೆ ಭಾವನ ಫೋನ್ ಬಂತು. ಆ ಮುಂದೆ ಹೋಗುವ ಕ್ಯೂ ಈಗಲೂ ಇದೆಯಾ, ಸೀನಿಯರ್ ಸಿಟಿಜನ್‌ಗಳಿಗೆ ಬಿಡ್ತಾರಾ ಅಂತ.